ಪರದೇಶದ ಕರಾವಳಿ ಸಂಘಗಳು ಊರಿನ ಮಾನಸಿಕ ಆರೋಗ್ಯ ಸೇವೆಗಾಗಿ ಏನು ಕೇಳಬೇಕು, ಯಾರಲ್ಲಿ ಕೇಳಬೇಕು

ದುಬೈ, ಅಬುಧಾಬಿ, ಕುವೈತ್, ಬಹರೈನ್, ಮಸ್ಕತ್, ಕತಾರ್: ಕರಾವಳಿಯವರು ದುಡಿಯಲು ಎಲ್ಲೆಲ್ಲಿ ಹೋದರೋ ಅಲ್ಲೆಲ್ಲ ಸಂಘ ಕಟ್ಟಿಕೊಂಡಿದ್ದಾರೆ. ತುಳುಕೂಟ, ಕನ್ನಡ ಸಂಘ, ಸಮುದಾಯದ ಸಂಘ, ಚರ್ಚಿನ ಕೊಂಕಣಿ ಬಳಗ, ಬ್ಯಾರಿ ಸಂಘಟನೆ ಹೀಗೆ. ಊರಿನ ಶಾಲೆಗೆ ಕೊಠಡಿ, ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರ, ಬಡ ಮಕ್ಕಳಿಗೆ ವಿದ್ಯಾರ್ಥಿವೇತನ, ದೈವಸ್ಥಾನದ ಜೀರ್ಣೋದ್ಧಾರ, ಇವಕ್ಕೆಲ್ಲ ಕೈ ಎತ್ತಿ ಕೊಟ್ಟವರು ಇವರು. ಮಾನಸಿಕ ಕಾಯಿಲೆಯ ವಿಷಯ ಬಂದಾಗ ಮಾತ್ರ ಸಭೆ ಸುಮ್ಮನಾಗುತ್ತದೆ. ಯಾರಾದರೂ ಮಾತಾಡಿದರೆ ಬರುವ ಸಲಹೆ ಹೆಚ್ಚಾಗಿ ಒಂದೇ: ಊರಲ್ಲೊಂದು ಆಶ್ರಮ ಕಟ್ಟಿಸೋಣ.

ಆ ಸಲಹೆಯನ್ನು ಸದ್ಯಕ್ಕೆ ಬದಿಗಿಡಿ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮಾನಸಿಕ ಕಾಯಿಲೆ ಇರುವವರಿಗೆ ಸಿಗಬೇಕಾದ ಬಹುಪಾಲು ಸೌಲಭ್ಯ ಕಾನೂನಿನಲ್ಲಿ ಬರೆದಾಗಿದೆ. ಅದನ್ನು ಸೆಕ್ಷನ್ ಹೆಸರಿಸಿ, ಸರಿಯಾದ ಕಚೇರಿಯಲ್ಲಿ, ಉತ್ತರ ಬರುವ ತನಕ ಕೇಳುವವರು ಕಡಿಮೆ. ಮನೆಯವರಿಗೆ ಕೇಳಲು ಭಯ. ತಂಗಿಯ ಮದುವೆ ಮಾತುಕತೆ ಮುರಿದರೆ? ಆಸ್ಪತ್ರೆಯವರು ಮುನಿಸಿಕೊಂಡರೆ ಇನ್ನೊಮ್ಮೆ ಎಲ್ಲಿಗೆ ಕರೆದುಕೊಂಡು ಹೋಗುವುದು? ದೂರದಲ್ಲಿರುವ ಸಂಘಕ್ಕೆ ಆ ಭಯ ಇಲ್ಲ. ಹಣಕ್ಕಿಂತ ದೊಡ್ಡ ಬಲ ಅದು, ಮತ್ತು ಈವರೆಗೆ ಸರಿಯಾಗಿ ಬಳಕೆಯಾಗದ ಬಲ.

ಕಾನೂನಿನಲ್ಲಿ ಏನಿದೆ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದು 1987ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು. ಹಳೆಯ ಕಾಯ್ದೆಯ ಗಮನವೆಲ್ಲ ಆಸ್ಪತ್ರೆಗೆ ಸೇರಿಸುವುದರ ಮೇಲಿತ್ತು. ಹೊಸದು ರೋಗಿಯ ಹಕ್ಕಿನಿಂದ ಶುರುವಾಗುತ್ತದೆ.

ಈ ಕಾಯ್ದೆಯ ಸೆಕ್ಷನ್ 20 ಅನ್ನು ಪ್ರತಿ ಸಂಘದ ಪದಾಧಿಕಾರಿಯೂ ಓದಿಕೊಳ್ಳಬೇಕು. ಕ್ರೂರ, ಅಮಾನುಷ, ಅವಮಾನಕರ ನಡವಳಿಕೆಯಿಂದ ರಕ್ಷಣೆ ಎಂಬುದು ಅದರ ಸಾರ. ಆದರೆ ಅದು ದೊಡ್ಡ ಮಾತಿನಲ್ಲಿ ನಿಲ್ಲದೆ ಸಣ್ಣ ವಿವರಗಳಿಗೆ ಇಳಿಯುತ್ತದೆ: ಸ್ವಚ್ಛ ಪರಿಸರ, ಪೌಷ್ಟಿಕ ಊಟ, ಖಾಸಗಿತನ, ಸ್ವಂತ ಬಟ್ಟೆ ತೊಡುವ ಅವಕಾಶ, ಮಹಿಳೆಯರಿಗೆ ಮುಟ್ಟಿನ ಸಮಯದಲ್ಲಿ ಬೇಕಾದ ವಸ್ತುಗಳು, ಬಲವಂತವಾಗಿ ತಲೆ ಬೋಳಿಸಬಾರದು, ಬಲವಂತವಾಗಿ ದುಡಿಸಬಾರದು, ದುಡಿದರೆ ತಕ್ಕ ಸಂಬಳ ಕೊಡಬೇಕು. ಸೆಕ್ಷನ್ 95 ಸರಪಳಿಯನ್ನು ಪೂರ್ತಿಯಾಗಿ ನಿಷೇಧಿಸುತ್ತದೆ, ಯಾವ ರೂಪದಲ್ಲಿಯೂ ಕೂಡದು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಡದೆ ವಿದ್ಯುತ್ ಚಿಕಿತ್ಸೆ ಮಾಡುವುದಕ್ಕೂ ಅಲ್ಲಿಯೇ ನಿಷೇಧವಿದೆ. ಒಬ್ಬಂಟಿಯಾಗಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ ಎನ್ನುತ್ತದೆ ಸೆಕ್ಷನ್ 97. ಕೈಕಾಲು ಕಟ್ಟಬೇಕಾದ ಸಂದರ್ಭ ಬಂದರೂ, ಆ ಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ದಾಖಲೆ ಬರೆದು ಮಾಡಬೇಕು.

ಇಷ್ಟು ಕಟ್ಟುನಿಟ್ಟು ಏಕೆ ಬೇಕಾಯಿತು ಎಂದು ತಿಳಿಯಲು ಏರ್ವಾಡಿಯನ್ನು ನೆನೆಯಬೇಕು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ಊರಿನಲ್ಲಿ 2001ರ ಆಗಸ್ಟ್ 6ರಂದು ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿದ್ದವರಿಗೆ ಓಡಲು ಆಗಲಿಲ್ಲ. 28 ಮಂದಿ ಸತ್ತರು. ಅವರನ್ನು ಅಲ್ಲಿ ಬಿಟ್ಟುಹೋದವರು ಹೆಚ್ಚಿನಂಶ ಅವರದೇ ಮನೆಯವರು, ಗುಣವಾಗಲಿ ಎಂದು ಹಾರೈಸಿ ಬಿಟ್ಟವರು.

ಕಾಯ್ದೆಯ ವ್ಯಾಖ್ಯೆಯಲ್ಲಿ ಇನ್ನೊಂದು ಮುಖ್ಯ ಸಂಗತಿ ಇದೆ. ಮಾನಸಿಕ ಕಾಯಿಲೆ ಇರುವವರನ್ನು ಸೇರಿಸಿಕೊಂಡು ಇರಿಸಿಕೊಳ್ಳುವ ಯಾವುದೇ ಜಾಗ ಮಾನಸಿಕ ಆರೋಗ್ಯ ಸಂಸ್ಥೆಯೇ. ಸೇವಾಶ್ರಮ ಎಂದು ಬೋರ್ಡು ಹಾಕಿದರೂ, ಆಯುರ್ವೇದ ಕೇಂದ್ರ ಎಂದರೂ ಅದು ಬದಲಾಗುವುದಿಲ್ಲ. ಮನೆಯವರೊಂದಿಗೆ ಇರುವ ಮನೆಗೆ ಮಾತ್ರ ವಿನಾಯಿತಿ. ಮದ್ಯ, ಮಾದಕವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಯೂ ವ್ಯಾಖ್ಯೆಯೊಳಗೆ ಬರುವುದರಿಂದ ಕುಡಿತ ಬಿಡಿಸುವ ಕೇಂದ್ರಗಳೂ ಇದರಡಿ ಬರುತ್ತವೆ. ಇಂಥ ಸಂಸ್ಥೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿಕೊಳ್ಳಲೇಬೇಕು. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲ 5,000ದಿಂದ 50,000 ರೂಪಾಯಿ ದಂಡ, ಮತ್ತೆ ಮತ್ತೆ ಮಾಡಿದರೆ ಅದು 5 ಲಕ್ಷದವರೆಗೆ ಏರುತ್ತದೆ. ನಿಮ್ಮ ಸಂಘ ಪ್ರತಿ ವರ್ಷ ಅಕ್ಕಿ, ಬಟ್ಟೆ ಕೊಡುವ ಆಶ್ರಮಕ್ಕೆ ನೋಂದಣಿ ಸಂಖ್ಯೆ ಇದೆಯೇ? ಮುಂದಿನ ಕಂತು ಕಳಿಸುವ ಮೊದಲು ಇದೊಂದನ್ನು ಕೇಳಿ. ಈ ಒಂದು ಪ್ರಶ್ನೆಯಿಂದ ಆಗುವ ಬದಲಾವಣೆ ಹತ್ತು ಮೂಟೆ ಅಕ್ಕಿಯಿಂದ ಆಗುವುದಿಲ್ಲ.

ಊರಿಗೆ ರಜೆಯಲ್ಲಿ ಬಂದ ಸದಸ್ಯರು ಇಂಥ ಕಡೆಗೆ ಭೇಟಿ ಕೊಟ್ಟಾಗ ಹಾರ, ಶಾಲು, ಫೋಟೊದಲ್ಲಿ ಹೊತ್ತು ಹೋಗುತ್ತದೆ. ಅದರ ಬದಲು ಶೌಚಾಲಯ ನೋಡಿ, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ ನೋಡಿ. ಗೋಡೆಯ ಮೇಲೆ, ಒಳಗಿರುವವರ ದೂರು ಕೇಳುವ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ ವಿಳಾಸ, ದೂರವಾಣಿ ಸಂಖ್ಯೆ ಇರಬೇಕು ಎನ್ನುತ್ತದೆ ಸೆಕ್ಷನ್ 70. ಮಂಡಳಿಗೆ ಅರ್ಜಿ ಹಾಕುವ ನಮೂನೆ, ಫೋನ್ ಮಾಡುವ ಅವಕಾಶ ಒಳಗಿರುವವರಿಗೆ ಸಿಗಬೇಕು. ಎಲ್ಲರ ತಲೆಯೂ ಒಂದೇ ರೀತಿ ಬೋಳಾಗಿದ್ದರೆ, ಎಲ್ಲರೂ ಒಂದೇ ಸಮವಸ್ತ್ರದಲ್ಲಿದ್ದರೆ, ಕಾರಣ ಕೇಳಿ. ಮನೋವೈದ್ಯರು ಕೊನೆಯದಾಗಿ ಬಂದ ದಿನಾಂಕ ರಿಜಿಸ್ಟರಿನಲ್ಲಿದೆಯೇ ಎಂದು ಕೇಳಿ. ತಡವರಿಸಿದರೆ ಉತ್ತರ ಸಿಕ್ಕಿದ ಹಾಗೆಯೇ.

ನಮ್ಮ ಎರಡು ಜಿಲ್ಲೆಗಳ ಸ್ಥಿತಿ

ರಾಜ್ಯದ ಬಹಳಷ್ಟು ಜಿಲ್ಲೆಗಳಿಗೆ ಹೋಲಿಸಿದರೆ ಕರಾವಳಿ ಅದೃಷ್ಟವಂತ. ಸರ್ಕಾರಿ ಮಾನಸಿಕ ಆಸ್ಪತ್ರೆಗಳು ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ಗಳಲ್ಲಿವೆ. ಇಲ್ಲಿ ಅಂಥದ್ದಿಲ್ಲ. ಆದರೆ ಮಂಗಳೂರಿನ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆ, ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಇವೆ. ಮಣಿಪಾಲ, ಕಂಕನಾಡಿ, ದೇರಳಕಟ್ಟೆಗಳ ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ನಗರದಲ್ಲಿ ಮನೋವೈದ್ಯರಿಗೆ ಬರವಿಲ್ಲ.

ಕೊರತೆ ಇರುವುದು ದಾರಿಯಲ್ಲಿ. ಸುಳ್ಯದ ಒಳಗಿನ ಹಳ್ಳಿಯಿಂದಲೋ ಬೈಂದೂರಿನ ಘಟ್ಟದ ಬುಡದಿಂದಲೋ ಕಾಯಿಲೆ ಇರುವ ಮಗನನ್ನು ಕರೆದುಕೊಂಡು ಹೊರಡುವ ತಾಯಿಗೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸು ಬದಲಿಸಬೇಕು, ಬಸ್ಸಿನಲ್ಲಿ ಅವನು ಗಟ್ಟಿಯಾಗಿ ಮಾತಾಡಿದರೆ ಜನ ತಿರುಗಿ ನೋಡುತ್ತಾರೆ. ಎರಡು ಸಲ ಹೋಗಿ ಮೂರನೆಯ ಸಲ ಬಿಡುತ್ತಾರೆ. ಔಷಧ ನಿಲ್ಲುತ್ತದೆ, ಕಾಯಿಲೆ ಮರುಕಳಿಸುತ್ತದೆ, ಆಮೇಲೆ ಬಾಗಿಲಿಗೆ ಬೀಗ. ಮನೆಯಲ್ಲಿ ಕೂಡಿಹಾಕುವ ಪ್ರಕರಣಗಳ ಹಿಂದೆ ಕ್ರೌರ್ಯಕ್ಕಿಂತ ಹೆಚ್ಚಾಗಿ ಈ ಸರಣಿಯೇ ಇರುತ್ತದೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ನೂರಕ್ಕೆ 70ರಿಂದ 92.

ಹಾಗಾಗಿ ಸಂಘದ ಬೇಡಿಕೆಯ ಪಟ್ಟಿಯಲ್ಲಿ ಮೊದಲನೆಯದು ತಾಲೂಕು ಆಸ್ಪತ್ರೆ ಇರಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ, ಕರ್ನಾಟಕದ ಮನೋಚೈತನ್ಯ ಯೋಜನೆಯ ಪ್ರಕಾರ, ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡುವ ವ್ಯವಸ್ಥೆ ಮಾಡಲಾಗಿದೆ. ಅಗತ್ಯ ಔಷಧ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು ಎಂದು ಸೆಕ್ಷನ್ 18 ಹೇಳುತ್ತದೆ. ವೈದ್ಯರು ಬಂದರೇ, ಔಷಧ ಇತ್ತೇ: ಇವೆರಡರ ಮೇಲೆ ಕಣ್ಣಿಟ್ಟರೆ ಸಾಕಷ್ಟು ಕೆಲಸವಾಗುತ್ತದೆ.

ಮಾಹಿತಿ ಹಕ್ಕಿನ ಅರ್ಜಿ: ಬರೆಯುವ ಬಗೆ

ದೂರು ಕೊಡುವ ಮೊದಲು ಸ್ಥಿತಿ ಗೊತ್ತಿರಬೇಕು. ಮಾಹಿತಿ ಹಕ್ಕು ಭಾರತದ ನಾಗರಿಕರಿಗೆ ಇರುವುದು. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿ ಅರ್ಜಿ ಹಾಕಬಹುದು. ಬೇರೆ ದೇಶದ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡವರ ಹೆಸರಲ್ಲಿ ಹಾಕಬೇಡಿ. ಸಂಘದ ಲೆಟರ್‌ಹೆಡ್ಡಿನಲ್ಲಿ ಹಾಕುವುದೂ ಬೇಡ, ಒಬ್ಬ ಸದಸ್ಯರ ಸ್ವಂತ ಹೆಸರಲ್ಲಿ ಇರಲಿ. ಕರ್ನಾಟಕ ಸರ್ಕಾರದ ಆನ್‌ಲೈನ್ ಪೋರ್ಟಲ್ ಮೂಲಕ ವಿದೇಶದಿಂದಲೇ ಪ್ರಯತ್ನಿಸಬಹುದು, ಅದು ಕೈಕೊಟ್ಟರೆ ಊರಿನಲ್ಲಿರುವ ಸಂಬಂಧಿಕರೊಬ್ಬರು 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಸ್ಪೀಡ್ ಪೋಸ್ಟಿನಲ್ಲಿ ಕಳಿಸಲಿ.

ಕರ್ನಾಟಕದ ನಿಯಮದಲ್ಲಿ ಎರಡು ಮಿತಿ ಇದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಮತ್ತು ಸಾಮಾನ್ಯವಾಗಿ 150 ಪದಗಳೊಳಗೆ. ಉತ್ಸಾಹದಲ್ಲಿ ಎರಡು ಜಿಲ್ಲೆಯ ಹತ್ತು ಆಸ್ಪತ್ರೆಗಳ ವಿವರ ಒಂದೇ ಕಾಗದದಲ್ಲಿ ಕೇಳಿದರೆ ಈ ಕಾರಣಕ್ಕೇ ವಾಪಸು ಬರುತ್ತದೆ. ಏಕೆ ವೈದ್ಯರು ಬರುತ್ತಿಲ್ಲ ಎಂದು ಕೇಳಿದರೂ ಪ್ರಯೋಜನವಿಲ್ಲ, ಕಾರಣ ಊಹಿಸಿ ಹೇಳುವುದು ಮಾಹಿತಿ ಅಧಿಕಾರಿಯ ಕೆಲಸವಲ್ಲ. ಇರುವ ದಾಖಲೆಯನ್ನು ಕೇಳಬೇಕು. ಉದಾಹರಣೆಗೆ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹೀಗೆ ಬರೆಯಬಹುದು:

“ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಬೆಳ್ತಂಗಡಿ ತಾಲೂಕು ಆಸ್ಪತ್ರೆಗೆ ಕಳೆದ 12 ತಿಂಗಳಲ್ಲಿ ಮನೋವೈದ್ಯರು ಭೇಟಿ ನೀಡಿದ ದಿನಾಂಕಗಳ ಪಟ್ಟಿ, ಪ್ರತಿ ಭೇಟಿಯಲ್ಲಿ ತಪಾಸಣೆಯಾದವರ ಒಟ್ಟು ಸಂಖ್ಯೆ, ಹಾಗೂ ಇದೇ ಅವಧಿಯಲ್ಲಿ ರಿಸ್ಪೆರಿಡೋನ್, ಓಲಾಂಜಪೈನ್, ಲಿಥಿಯಂ, ಸೋಡಿಯಂ ವಾಲ್ಪ್ರೋಯೇಟ್ ಮಾತ್ರೆಗಳು ಮತ್ತು ಫ್ಲೂಫೆನಜಿನ್ ಇಂಜೆಕ್ಷನ್‌ಗಳ ದಾಸ್ತಾನು ಪುಸ್ತಕದ ದೃಢೀಕೃತ ಪ್ರತಿ ಒದಗಿಸಬೇಕು.”

ಇದರಲ್ಲಿ ರೋಗಿಯ ಹೆಸರು ಕೇಳಿಲ್ಲ. ಕೇಳಬಾರದು ಕೂಡ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ. ಹೆಚ್ಚಿನ ಸಂಘಗಳು ಸೋಲುವುದು ಈ ಎರಡನೆಯ ಹಂತದಲ್ಲಿ: ಪದಾಧಿಕಾರಿಗಳು ಬದಲಾಗುತ್ತಾರೆ, ತಾರೀಕು ಮರೆತುಹೋಗುತ್ತದೆ. ಅರ್ಜಿ ಹಾಕಿದ ದಿನವೇ ಮೇಲ್ಮನವಿಯ ಕೊನೆಯ ದಿನಾಂಕವನ್ನು ಇಬ್ಬರ ಫೋನಿನಲ್ಲಿ ಗುರುತು ಹಾಕಿಡಿ.

ಸಿಕ್ಕಿದ ದಾಖಲೆಯನ್ನು ಪತ್ರಿಕೆಗೆ ಕೊಡುವ ಆತುರ ಬೇಡ. ಮೊದಲು ತಾಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಹೋಗಿ. ಅಲ್ಲಿ ಬಗೆಹರಿಯದಿದ್ದರೆ ಶಾಸಕರ ಮೂಲಕ, ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲೂಕು ಕೆಡಿಪಿ ಸಭೆಗೆ, ಆಮೇಲೆ ಉಸ್ತುವಾರಿ ಸಚಿವರ ಜಿಲ್ಲಾ ಕೆಡಿಪಿ ಸಭೆಗೆ ತನ್ನಿ. ಗಲ್ಫ್‌ಗೆ ಬಂದಾಗ ಸಂಘದ ವೇದಿಕೆಯಲ್ಲಿ ಸನ್ಮಾನ ಸ್ವೀಕರಿಸುವ ಜನಪ್ರತಿನಿಧಿಗಳಿಗೆ ಇಂಥ ಒಂದು ಹಾಳೆ ಕೈಗೆ ಕೊಟ್ಟು, ಮೂರು ತಿಂಗಳ ನಂತರ ಏನಾಯಿತೆಂದು ಕೇಳುವ ಹಕ್ಕು ಸಂಘಕ್ಕಿದೆ.

ಮಂಡಳಿ, ಪೊಲೀಸರು, ಉಚಿತ ವಕೀಲರು

ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಅನ್ಯಾಯವಾಗಿದ್ದರೆ ದಾರಿ ಬೇರೆ. ಅದಕ್ಕಿರುವುದು ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿ. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಥವಾ ನಿವೃತ್ತರು ಅಧ್ಯಕ್ಷರು. ಜಿಲ್ಲಾಧಿಕಾರಿಯ ಪ್ರತಿನಿಧಿ, ಒಬ್ಬ ಮನೋವೈದ್ಯರು, ಒಬ್ಬ ವೈದ್ಯರು, ಜೊತೆಗೆ ಕಾಯಿಲೆ ಅನುಭವಿಸಿದವರು, ಆರೈಕೆ ಮಾಡುವವರು ಅಥವಾ ಈ ಕ್ಷೇತ್ರದ ಸಂಸ್ಥೆಗಳ ಕಡೆಯಿಂದ ಇಬ್ಬರು. ಈ ಕೊನೆಯ ಇಬ್ಬರ ಸ್ಥಾನ ಭರ್ತಿಯಾಗಿದೆಯೇ ಎಂದು ವಿಚಾರಿಸುವುದು ಸಂಘವೊಂದು ಮಾಡಬಹುದಾದ ಅತ್ಯುತ್ತಮ ಕೆಲಸಗಳಲ್ಲಿ ಒಂದು. ಖಾಲಿ ಇದ್ದರೆ ಭರ್ತಿ ಮಾಡಿ ಎಂದು ರಾಜ್ಯ ಪ್ರಾಧಿಕಾರಕ್ಕೆ ಬರೆಯಿರಿ. ಕಾಯಿಲೆಯನ್ನು ಸ್ವತಃ ಕಂಡವರ ದನಿ ಆ ಮೇಜಿನ ಸುತ್ತ ಇಲ್ಲದಿದ್ದರೆ ಮಂಡಳಿ ಅರ್ಧ ಮಾತ್ರ.

ಮಂಡಳಿಗೆ ಅರ್ಜಿ ಹಾಕಬಲ್ಲವರು ಮೂವರು: ಕಾಯಿಲೆ ಇರುವ ವ್ಯಕ್ತಿ, ಅವರು ತಮ್ಮ ಪರವಾಗಿ ಬರೆದು ನೇಮಿಸಿದ ನಾಮನಿರ್ದೇಶಿತ ಪ್ರತಿನಿಧಿ, ಅಥವಾ ಆ ವ್ಯಕ್ತಿಯ ಒಪ್ಪಿಗೆ ಪಡೆದ ನೋಂದಾಯಿತ ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ. ವಿದೇಶದಲ್ಲಿರುವ ಸಂಘ ತಾನೇ ಮುಂದೆ ಬರುವ ಬದಲು ಇಲ್ಲಿ ನೋಂದಣಿಯಾದ ಸಂಸ್ಥೆಯೊಂದನ್ನು ಜೊತೆಗಿಟ್ಟುಕೊಳ್ಳುವುದು ಸುರಕ್ಷಿತ. ಶುಲ್ಕವಿಲ್ಲ. ಬಲವಂತದ ದಾಖಲಾತಿಯನ್ನು ಪ್ರಶ್ನಿಸುವ ಅರ್ಜಿ 7 ದಿನದಲ್ಲಿ ತೀರ್ಮಾನವಾಗಬೇಕು, ಉಳಿದ ದೂರುಗಳು 90 ದಿನದಲ್ಲಿ. ಒಪ್ಪದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು.

ಮನೆಯೊಳಗೆ ಯಾರನ್ನಾದರೂ ಕಟ್ಟಿಹಾಕಿರುವುದು, ಅನ್ನ ನೀರು ಕೊಡದೆ ಬಿಟ್ಟಿರುವುದು ಗೊತ್ತಾದರೆ ಸೆಕ್ಷನ್ 101ರ ಪ್ರಕಾರ ಯಾರು ಬೇಕಾದರೂ ಆ ವ್ಯಾಪ್ತಿಯ ಠಾಣಾಧಿಕಾರಿಗೆ ತಿಳಿಸಬಹುದು, ತಿಳಿಸಬೇಕು ಎಂದೇ ಕಾನೂನು ಹೇಳುತ್ತದೆ. ಠಾಣಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಬಸ್‌ಸ್ಟ್ಯಾಂಡ್, ರೈಲು ನಿಲ್ದಾಣದಲ್ಲಿ ಅಲೆಯುತ್ತಿರುವವರ ವಿಷಯದಲ್ಲಿ ಸೆಕ್ಷನ್ 100 ಅನ್ವಯಿಸುತ್ತದೆ: ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಹಾಕುವಂತಿಲ್ಲ, ಕಾಣೆಯಾದವರ ದೂರು ದಾಖಲಿಸಿ ಮನೆಯವರನ್ನು ಹುಡುಕಬೇಕು. ಠಾಣೆಗೆ ಫೋನ್ ಮಾಡುವಾಗ ಈ ಸೆಕ್ಷನ್ ಸಂಖ್ಯೆ ಹೇಳಿ. ಮಾತಿನ ಧಾಟಿಯೇ ಬದಲಾಗುತ್ತದೆ. ಮಂಗಳೂರು, ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ, ಅದರ ರಾಷ್ಟ್ರೀಯ ಸಹಾಯವಾಣಿ 15100.

ಪೊಲೀಸರಿಗೆ ಹೇಳುವ ಮೊದಲು ಒಂದು ವಿಚಾರ. ಕೋಣೆಗೆ ಬೀಗ ಹಾಕಿದ ತಾಯಿಗೆ ಎಪ್ಪತ್ತು ದಾಟಿದ್ದರೆ, ಮಗನಿಗೆ ಔಷಧವೇ ಸಿಕ್ಕಿರದಿದ್ದರೆ, ಅಲ್ಲಿ ಮೊದಲು ಹೋಗಬೇಕಾದವರು ಆಶಾ ಕಾರ್ಯಕರ್ತೆ ಮತ್ತು ಮನೋವೈದ್ಯರು. ಅಪಾಯ ಕೂಡಲೇ ಇದ್ದರೆ ಪೊಲೀಸರು, ಅದರಲ್ಲಿ ಅನುಮಾನ ಬೇಡ.

ತಮ್ಮ ದುಬೈಯಲ್ಲಿ, ಅಣ್ಣ ಆಸ್ಪತ್ರೆಯಲ್ಲಿ

ಸಂಘದ ಸದಸ್ಯರ ಮನೆಗಳಲ್ಲೇ ಬರುವ ಪ್ರಶ್ನೆ ಇದು. ಪ್ರಾಪ್ತ ವಯಸ್ಸಿನ ಯಾರಾದರೂ ತನ್ನ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯನ್ನು ಬಿಳಿ ಹಾಳೆಯ ಮೇಲೆ ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿ ನೇಮಿಸಬಹುದು. ನೇಮಕಗೊಂಡವರೂ ಲಿಖಿತ ಒಪ್ಪಿಗೆ ಕೊಡಬೇಕು. ಛಾಪಾ ಕಾಗದ, ನೋಟರಿ ಯಾವುದೂ ಬೇಕಿಲ್ಲ. ಯಾವಾಗ ಬೇಕಾದರೂ ಬದಲಿಸಬಹುದು. ಆರೋಗ್ಯ ಚೆನ್ನಾಗಿರುವ ದಿನಗಳಲ್ಲಿ ಇದನ್ನು ಬರೆಸಿಡುವುದು ಮುಖ್ಯ.

ಹಣ ಕಳಿಸುವವನೆಂದು ವಿದೇಶದ ತಮ್ಮನನ್ನೇ ಪ್ರತಿನಿಧಿ ಮಾಡುವುದು ಸಾಮಾನ್ಯ. ಅದು ಹೆಚ್ಚಾಗಿ ಕೆಡುತ್ತದೆ. ದಾಖಲಾತಿ, ಬಿಡುಗಡೆ, ಚಿಕಿತ್ಸೆಯ ನಿರ್ಧಾರ ಎಲ್ಲದಕ್ಕೂ ಪ್ರತಿನಿಧಿ ಎದುರಿಗಿರಬೇಕಾಗುತ್ತದೆ. ವಾರ್ಡಿಗೆ ಅರ್ಧ ದಿನದಲ್ಲಿ ತಲುಪಬಲ್ಲ ಅತ್ತಿಗೆಯೋ, ಸೋದರಮಾವನೋ, ನಂಬಿಕೆಯ ಗೆಳೆಯನೋ ಇರಲಿ. ವಿದೇಶದಲ್ಲಿರುವವರು ಅವರ ಖರ್ಚು ನೋಡಿಕೊಳ್ಳಲಿ. ಇನ್ನೊಂದು ಎಚ್ಚರ: ಈ ಕಾಗದದಿಂದ ಆಸ್ತಿಯ ಮೇಲೆ ಯಾವ ಅಧಿಕಾರವೂ ಬರುವುದಿಲ್ಲ. ಪಾಲುಪಟ್ಟಿಗೆ ಸಹಿ ಹಾಕಿಸಲು ಇದನ್ನು ಬಳಸಿದರೆ ಅದು ಮೋಸ.

ರೋಗಿ ತಾನೇ ಒಪ್ಪಿ ಸೇರಿದರೆ ತಾನೇ ಕೇಳಿ ಬಿಡುಗಡೆ ಪಡೆಯಬಹುದು. ಒಪ್ಪುವ ಸ್ಥಿತಿಯಲ್ಲಿಲ್ಲದಿದ್ದಾಗ ಸೆಕ್ಷನ್ 89ರಡಿ ಪ್ರತಿನಿಧಿಯ ಕೋರಿಕೆಯ ಮೇಲೆ ಸೇರಿಸಿಕೊಳ್ಳುತ್ತಾರೆ. ಅದಕ್ಕೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು, ಅವರಲ್ಲಿ ಒಬ್ಬರು ಮನೋವೈದ್ಯರು. ಮಿತಿ 30 ದಿನ. ಮಹಿಳೆಯಾದರೆ 3 ದಿನದೊಳಗೆ, ಪುರುಷರಾದರೆ 7 ದಿನದೊಳಗೆ ಆಸ್ಪತ್ರೆ ಮಂಡಳಿಗೆ ತಿಳಿಸಬೇಕು. 30 ದಿನ ಮೀರಿದರೆ ಇಬ್ಬರು ಮನೋವೈದ್ಯರ ಪರೀಕ್ಷೆ ಮತ್ತು ಮಂಡಳಿಯ ಅನುಮತಿ ಬೇಕು. ಹಾಗೆ ಸಿಗುವುದು ಮೊದಲು 90 ದಿನದವರೆಗೆ, ನಂತರ 120, ನಂತರ 180. ಆಸ್ಪತ್ರೆಯಿಂದ ವಾಟ್ಸಾಪ್‌ನಲ್ಲಿ ಬಿಲ್ಲು ಬರುತ್ತಿದ್ದಂತೆ ಹಣ ಹಾಕುವ ಮಕ್ಕಳು ಒಮ್ಮೆ ಕೇಳಬೇಕು: ಯಾವ ಸೆಕ್ಷನ್ನಿನಡಿ ಸೇರಿಸಿದ್ದೀರಿ, ಎಷ್ಟನೆಯ ದಿನ, ಮಂಡಳಿಗೆ ತಿಳಿಸಿದ ಪ್ರತಿ ಎಲ್ಲಿ? ಅಣ್ಣನ ಜೊತೆ ನೇರವಾಗಿ ಫೋನಿನಲ್ಲಿ ಮಾತಾಡಲು ಬಿಡಿ ಎಂದೂ ಕೇಳಿ. ಫೋನು, ಭೇಟಿ ಸೆಕ್ಷನ್ 26ರ ಹಕ್ಕು.

ಕುಡಿತ ಬಿಡಿಸುವ ಕೆಲವು ಕೇಂದ್ರಗಳು ವಾಹನ, ಆಳು ಕಳಿಸಿ ಮನೆಯಿಂದ ಎತ್ತಿಕೊಂಡು ಹೋಗುವ ಸೇವೆಗೆ ದರ ಹೇಳುತ್ತವೆ. ಪರೀಕ್ಷೆಯಿಲ್ಲದೆ ಹಾಗೆ ಒಯ್ಯುವುದಕ್ಕೆ ಕಾಯ್ದೆಯಲ್ಲಿ ಜಾಗವಿಲ್ಲ. ಹಣ ಕೊಟ್ಟವರೂ ಉತ್ತರ ಹೇಳಬೇಕಾದೀತು.

ಹಣದ ವಿಷಯ

ವಿದೇಶದಲ್ಲಿ ನೋಂದಣಿಯಾದ ಸಂಘ, ಅದರ ಸದಸ್ಯರೆಲ್ಲ ಭಾರತೀಯರೇ ಆಗಿದ್ದರೂ, ನಮ್ಮ ಕಾನೂನಿನಲ್ಲಿ ವಿದೇಶಿ ಮೂಲ. ಅದರ ಖಾತೆಯಿಂದ ಊರಿನ ಟ್ರಸ್ಟಿಗೆ ಬರುವ ಹಣ ವಿದೇಶಿ ದೇಣಿಗೆ. ಅದನ್ನು ಪಡೆಯಲು ಟ್ರಸ್ಟಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಗೊತ್ತುಪಡಿಸಿದ ಖಾತೆಗೆ. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ನೂರಕ್ಕೆ 20 ಮೀರುವಂತಿಲ್ಲ. ಹೊಸದಾಗಿ ಹುಟ್ಟುಹಾಕಿದ ಟ್ರಸ್ಟಿಗೆ ಈ ನೋಂದಣಿ ಸುಲಭಕ್ಕೆ ಸಿಗದು, ಸಾಮಾನ್ಯವಾಗಿ ಮೂರು ವರ್ಷದ ಕೆಲಸ ಮತ್ತು ಆ ಅವಧಿಯಲ್ಲಿ ಕನಿಷ್ಠ 15 ಲಕ್ಷ ರೂಪಾಯಿಯ ಖರ್ಚು ತೋರಿಸಬೇಕು.

ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ, ತನ್ನ ಹೆಸರಿನಲ್ಲಿ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಒಸಿಐ ಕಾರ್ಡಿನವರು ಕೊಟ್ಟರೆ ಆಗುತ್ತದೆ. ಕೆಡುವುದು ಎಲ್ಲಿ ಎಂದರೆ, ಇಪ್ಪತ್ತು ಜನರ ಹಣವನ್ನು ಖಜಾಂಚಿಯೊಬ್ಬರ ಖಾತೆಗೆ ಹಾಕಿ ಒಟ್ಟಿಗೆ ಕಳಿಸಿದಾಗ. ಯಾರ ಹಣ ಯಾವುದು ಎಂದು ಆಮೇಲೆ ತೋರಿಸಲಾಗದು. ಯುಎಇಯಲ್ಲಂತೂ ಪರವಾನಗಿ ಇಲ್ಲದೆ ದೇಣಿಗೆ ಸಂಗ್ರಹಿಸುವುದೇ ಅಪರಾಧ, ಆನ್‌ಲೈನ್ ಸಂಗ್ರಹವೂ ಸೇರಿ.

ಹಣ ಖರ್ಚು ಮಾಡಲೇಬೇಕೆಂದಿದ್ದರೆ ಸಣ್ಣದಕ್ಕೆ ಮಾಡಿ: ರೋಗಿ ಮತ್ತು ಜೊತೆಗಾರರ ಬಸ್ಸು ಖರ್ಚು, ಕಳೆದುಕೊಂಡ ಕೂಲಿ, ರಕ್ತ ಪರೀಕ್ಷೆ. ಕಣ್ಣಿಗೆ ಕಾಣುವ ಫಲಕ ಇದರಿಂದ ಸಿಗುವುದಿಲ್ಲ, ಆದರೆ ಚಿಕಿತ್ಸೆ ಮುರಿಯುವುದು ಇಂಥ ಕಡೆಯೇ.

ರಕ್ತ ಪರೀಕ್ಷೆಯನ್ನು ಬಿಡಿಸಿ ಹೇಳಬೇಕು. ಮನಃಸ್ಥಿತಿಯ ಏರಿಳಿತ ತಡೆಯಲು ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರ ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗಿರಬೇಕು, ಮೂರರಿಂದ ಆರು ತಿಂಗಳಿಗೊಮ್ಮೆ ನೋಡಬೇಕು. ಕರಾವಳಿಯ ಏಪ್ರಿಲ್–ಮೇ ಸೆಕೆಯಲ್ಲಿ ಬೆವರಿ ದೇಹದ ನೀರು ಕಡಿಮೆಯಾದರೆ, ವಾಂತಿ ಭೇದಿಯಾದರೆ, ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ನುಂಗಿದರೆ ಮಟ್ಟ ಏರಿ ವಿಷವಾಗಬಹುದು. ಕೈ ಜೋರಾಗಿ ನಡುಗುವುದು, ನಡೆಯುವಾಗ ತೂರಾಡುವುದು, ಮಂಪರು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತೀವ್ರ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪೈನ್ ಶುರುಮಾಡಿದವರಿಗೆ ಮೊದಲ 18 ವಾರ ಪ್ರತಿ ವಾರ ಬಿಳಿ ರಕ್ತಕಣದ ಎಣಿಕೆ ಬೇಕು, ನಡುವೆ ಜ್ವರ, ಗಂಟಲು ನೋವು ಬಂದರೆ ಕಾಯುವಂತಿಲ್ಲ. ತಾಲೂಕು ಆಸ್ಪತ್ರೆಯಲ್ಲೇ ರಕ್ತ ತೆಗೆದು ಮಾದರಿಯನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಮಾಡಿ ಎಂದು ಕೇಳುವುದು ನ್ಯಾಯವಾದ, ಕೈಗೂಡಬಹುದಾದ ಬೇಡಿಕೆ.

ಫೋಟೊ, ವಿಡಿಯೊ, ನಂಬಿಕೆ

ಬೀದಿಯಲ್ಲಿದ್ದವರನ್ನು ಹಿಡಿದು, ಕೂದಲು ಕತ್ತರಿಸಿ, ಸ್ನಾನ ಮಾಡಿಸಿ, ಅದನ್ನೆಲ್ಲ ವಿಡಿಯೊ ಮಾಡಿ ಹಂಚುವುದನ್ನು ದಯವಿಟ್ಟು ನಿಲ್ಲಿಸಿ, ಅಂಥವಕ್ಕೆ ಹಣ ಕೊಡುವುದನ್ನೂ ನಿಲ್ಲಿಸಿ. ಚಿಕಿತ್ಸೆಯಲ್ಲಿರುವವರ ಫೋಟೊ, ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎನ್ನುತ್ತದೆ ಸೆಕ್ಷನ್ 24. ಕಾಯಿಲೆ ಗುಣವಾಗಿ ಕೆಲಸ ಹುಡುಕಲು ಹೋದಾಗಲೂ ಆ ವಿಡಿಯೊ ಅವರ ಬೆನ್ನು ಬಿಡುವುದಿಲ್ಲ.

ದೈವದ ಮುಂದೆ ಹೇಳಿಕೊಳ್ಳುವುದು, ನಾಗನಿಗೆ ತಂಬಿಲ, ದರ್ಗಾಕ್ಕೆ ಹರಕೆ, ಚರ್ಚಿನ ಪ್ರಾರ್ಥನಾ ಕೂಟ: ಇವು ಈ ನೆಲದ ಮನೆಗಳಿಗೆ ಧೈರ್ಯ ಕೊಡುತ್ತವೆ. ಅದನ್ನು ಹೀಯಾಳಿಸುವ ಸಂಘದ ಮಾತನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಎರಡು ಗೆರೆ ಮಾತ್ರ ಗಟ್ಟಿಯಾಗಿರಲಿ: ಔಷಧ ನಿಲ್ಲಿಸಬಾರದು, ಹೊಡೆಯುವುದು, ಬರೆ ಹಾಕುವುದು, ಕಟ್ಟುವುದು ಕೂಡದು. ದೈವಸ್ಥಾನದ ಗಡಿಪ್ರಧಾನರು, ಚರ್ಚಿನ ಧರ್ಮಗುರುಗಳು, ಮಸೀದಿಯ ಉಸ್ತಾದರು ಮಾತ್ರೆ ಬಿಡಬೇಡ ಎಂದು ಒಂದು ಮಾತು ಹೇಳಿದರೆ ಅದಕ್ಕೆ ತೂಕವಿದೆ. ಅವರನ್ನು ಕೇಳಿಕೊಳ್ಳುವ ಬಂಧ ಸಂಘದವರಿಗೆ ಈಗಾಗಲೇ ಇದೆ, ಜೀರ್ಣೋದ್ಧಾರಕ್ಕೆ ಕೊಟ್ಟವರು ಇವರೇ ತಾನೆ.

ತುರ್ತು ಮಾತಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಕನ್ನಡದಲ್ಲಿ ಮಾತಾಡಬಹುದು, ಉಚಿತ. ಊರಿನ ಫೋನಿನಿಂದಲೇ ಮಾಡಿಸಿ.

ಬಿಡುಗಡೆಯ ದಿನ

ಗುಣವಾದವರು ಆಸ್ಪತ್ರೆಯಲ್ಲೇ ವರ್ಷಗಟ್ಟಲೆ ಉಳಿಯುವುದು ಹೆಚ್ಚಾಗಿ ಮನೆಯಿಂದ ಕರೆ ಬಾರದ ಕಾರಣಕ್ಕೆ. ಮನೆಯವರು ಒಪ್ಪಲಿಲ್ಲ, ಮನೆಯೇ ಇಲ್ಲ ಎಂಬ ಕಾರಣಕ್ಕೆ ಯಾರನ್ನೂ ಒಳಗೆ ಇರಿಸಿಕೊಳ್ಳುವಂತಿಲ್ಲ ಎಂದು ಸೆಕ್ಷನ್ 19 ಹೇಳುತ್ತದೆ. ಅಂಥವರಿಗೆ ಆಸ್ಪತ್ರೆ ಬಿಟ್ಟ ಮೇಲೆ ಸ್ವಂತ ಬದುಕಿಗೆ ಮರಳುವ ತನಕ ಇರಲು ಅರ್ಧದಾರಿಯ ಮನೆಗಳನ್ನು, ಆಸರೆಯ ವಸತಿಯನ್ನು ಒದಗಿಸುವುದು ಸರ್ಕಾರದ ಹೊಣೆ. ಸಂಘ ಕಟ್ಟಡವೊಂದನ್ನು ಕನಸುವುದೇ ಆದರೆ ಅದು ಊರ ಹೊರಗಿನ ನೂರು ಹಾಸಿಗೆಯ ಆಶ್ರಮ ಆಗಬಾರದು. ಪೇಟೆಯ ನಡುವೆ, ಬಸ್ಸಿನ ದಾರಿಯಲ್ಲಿ, ಐದಾರು ಮಂದಿ ತಮ್ಮ ಅಡುಗೆ ತಾವೇ ಮಾಡಿಕೊಂಡು ಇರಬಲ್ಲ ಬಾಡಿಗೆ ಮನೆ ಆಗಲಿ, ಅದೂ ಸರ್ಕಾರದ ಜವಾಬ್ದಾರಿಯನ್ನು ಬಿಟ್ಟುಕೊಡದ ಒಪ್ಪಂದದೊಂದಿಗೆ.

ಬಿಡುಗಡೆಯ ಮೊದಲು ಮುಂದಿನ ಚಿಕಿತ್ಸೆಯ ಯೋಜನೆಯನ್ನು ರೋಗಿ, ಪ್ರತಿನಿಧಿ, ಮನೆಯವರ ಜೊತೆ ಕೂತು ಮಾಡಬೇಕೆಂದು ಸೆಕ್ಷನ್ 98 ವೈದ್ಯರಿಗೆ ಹೇಳುತ್ತದೆ. ಆ ಹೊತ್ತಿಗೆ ವಿದೇಶದಲ್ಲಿರುವ ಮನೆಯವರು ವಿಡಿಯೊ ಕರೆಯಲ್ಲಿ ಸೇರಿಕೊಳ್ಳಬಹುದು. ಕೈಗೆ ಬರಬೇಕಾದದ್ದು ಇಷ್ಟು: ಔಷಧದ ಹೆಸರು, ಪ್ರಮಾಣ ಬರೆದ ಸಾರಾಂಶ ಪತ್ರ, ಕನಿಷ್ಠ ಒಂದು ತಿಂಗಳ ಮಾತ್ರೆ, ಹತ್ತಿರದ ತಾಲೂಕು ಆಸ್ಪತ್ರೆಗೆ ಬರೆದ ಚೀಟಿ, ಮುಂದಿನ ಭೇಟಿಯ ದಿನಾಂಕ, ಕಾಯಿಲೆ ಮರುಕಳಿಸುವ ಮುನ್ನ ಈ ವ್ಯಕ್ತಿಯಲ್ಲಿ ಕಾಣುವ ಸೂಚನೆಗಳು. ನಿದ್ದೆ ಕಡಿಮೆಯಾಗುವುದು, ಊಟ ಬಿಡುವುದು, ಒಬ್ಬರೇ ಇರಲು ಹೊರಡುವುದು, ಹೀಗೆ ಒಬ್ಬೊಬ್ಬರಲ್ಲಿ ಒಂದೊಂದು. ಈ ಸಾರಾಂಶ ಪತ್ರದ ಫೋಟೊ ಪ್ರತಿನಿಧಿಯ ಫೋನಿನಲ್ಲಿ ಇರಲಿ, ಸಂಘದ ವಾಟ್ಸಾಪ್ ಗುಂಪಿನಲ್ಲಿ ಬೇಡ.